ಗುಂಡು ಎಲ್ಲಿ ನಿಲ್ಲಬೇಕು?

ಸಿನಿಮಾದಲ್ಲಿ ನಾಯಕ ಪಿಸ್ತೂಲಿನ ಕುದುರೆ ಎಳೆಯುತ್ತಾನೆ. ಗುಂಡು ತಗಲಿದ ಖಳನಾಯಕ ಎರಡು ಮಾರು ಹಿಂದಕ್ಕೆ ಹಾರಿ, ಗಾಜಿನ ಕಿಟಕಿ ಒಡೆದುಕೊಂಡು ಹೊರಗೆ ಬೀಳುತ್ತಾನೆ. ಪಿಸ್ತೂಲು ಹಿಡಿದ ನಾಯಕ ಮಾತ್ರ ನಿಂತ ಜಾಗದಿಂದ ಒಂದಂಗುಲವೂ ಕದಲುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮ ಓದಿದ ವಿದ್ಯಾರ್ಥಿಗೆ ಇಲ್ಲಿ ಅನುಮಾನ ಬರಬೇಕು. ಗುಂಡು ಎದುರಿಗಿದ್ದವನನ್ನು ಎಷ್ಟು ಬಲವಾಗಿ ದೂಡಬಲ್ಲದೋ, ಪಿಸ್ತೂಲು ತನ್ನನ್ನು ಹಿಡಿದವನ ಕೈಯನ್ನೂ ಹೆಚ್ಚುಕಡಿಮೆ ಅಷ್ಟೇ ಬಲವಾಗಿ ಹಿಂದಕ್ಕೆ ದೂಡಬೇಕು. ಖಳನಾಯಕ ಹಾರಿದರೆ ನಾಯಕನೂ ಹಾರಬೇಕಿತ್ತಲ್ಲವೆ?

ಇದು ಬರೀ ಸಿನಿಮಾದ ತಮಾಷೆಯಾಗಿದ್ದರೆ ಈ ವಾರದ ಅಂಕಣಕ್ಕೆ ವಸ್ತುವಾಗುತ್ತಿರಲಿಲ್ಲ. ಅಮೆರಿಕದಲ್ಲಿ ಲಕ್ಷಾಂತರ ಮಂದಿ ಆತ್ಮರಕ್ಷಣೆಗೆಂದು ಅಂಗಿಯ ಅಡಿಯಲ್ಲಿ, ಕೈಚೀಲದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುತ್ತಾರೆ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಪರವಾನಗಿಯೇ ಬೇಡ. ಅವರೆಲ್ಲರೂ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಯಾವ ಗುಂಡು ಒಳ್ಳೆಯದು? ದೊಡ್ಡದೋ, ಚಿಕ್ಕದೋ? ಭಾರದ್ದೋ, ವೇಗದ್ದೋ? ಮೂತಿ ದುಂಡಗಿರಬೇಕೋ, ಟೊಳ್ಳಾಗಿರಬೇಕೋ? ನಮ್ಮೂರಿನ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಸಂಸಾರ ಹೂಡಿದ್ದಾರೆ. ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿದ್ದಾರೆ. ಹಾಗಾಗಿ ಪ್ರಶ್ನೆ ನಮಗೆ ತೀರಾ ದೂರದ್ದೇನೂ ಅಲ್ಲ. ಉತ್ತರವಿರುವುದು ಅಂಗಡಿಯವನ ಮಾತಿನಲ್ಲಲ್ಲ, ಭೌತಶಾಸ್ತ್ರದಲ್ಲಿ. ಲೆಕ್ಕದಿಂದಲೇ ಶುರು ಮಾಡೋಣ.

ಕ್ರಿಕೆಟ್ ಚೆಂಡೂ ಪಿಸ್ತೂಲಿನ ಗುಂಡೂ

ಪಿಸ್ತೂಲುಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು 9 ಮಿಲಿಮೀಟರ್ ವ್ಯಾಸದ ಗುಂಡು. ಅದರ ತೂಕ ಸುಮಾರು 8 ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್, ಅಂದರೆ ಧ್ವನಿಯ ವೇಗದ ಆಸುಪಾಸು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. 0.008 ಗುಣಿಸು 350, ಅಂದರೆ 2.8 ಏಕಮಾನ.

ಈಗ ಒಬ್ಬ ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆಯುತ್ತಾನೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 39 ಮೀಟರ್ ಆಯಿತು. ಚೆಂಡಿನ ತೂಕ 160 ಗ್ರಾಂ. ಸಂವೇಗ ಸುಮಾರು 6.2. ಗುಂಡಿಗಿಂತ ಎರಡು ಪಟ್ಟಿಗೂ ಹೆಚ್ಚು! ಆ ಚೆಂಡು ಬ್ಯಾಟ್ಸ್‌ಮನ್‌ನ ಎದೆಗೆ ಬಡಿದರೆ ಅವನು ಗಾಳಿಯಲ್ಲಿ ಹಾರುತ್ತಾನೆಯೆ? ಇಲ್ಲ. ನೋವಿನಿಂದ ಬಾಗುತ್ತಾನೆ, ಅಷ್ಟೆ. 70 ಕಿಲೋ ತೂಕದ ಮನುಷ್ಯನೊಳಗೆ 9 ಮಿ.ಮೀ. ಗುಂಡು ಹೊಕ್ಕು ನಿಂತರೆ ಅವನಿಗೆ ಸಿಗುವ ವೇಗ 2.8 ಭಾಗಿಸು 70, ಅಂದರೆ ಸೆಕೆಂಡಿಗೆ 4 ಸೆಂಟಿಮೀಟರ್. ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಗುಲಿದರೆ ಇದಕ್ಕಿಂತ ಹೆಚ್ಚು ಅಲುಗಾಡುತ್ತೇವೆ.

ಹಾಗಾದರೆ ಚೆಂಡಿಗಿಂತ ಗುಂಡು ಏಕೆ ಮಾರಕ? ಇನ್ನೊಂದು ಲೆಕ್ಕ ನೋಡಿ. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸುತ್ತದೆ. ಗುಂಡಿನ ಚಲನಶಕ್ತಿ 490 ಜೌಲ್. ಚೆಂಡಿನದು 120 ಜೌಲ್ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಗುಂಡು ತನ್ನ ಶಕ್ತಿಯನ್ನೆಲ್ಲ ಬೆರಳ ತುದಿಗಿಂತ ಚಿಕ್ಕದಾದ ಜಾಗದ ಮೇಲೆ ಹೇರುತ್ತದೆ. ಸೂಜಿ ಬಟ್ಟೆಯೊಳಗೆ ಇಳಿಯುತ್ತದೆ, ಹೆಬ್ಬೆರಳು ಇಳಿಯುವುದಿಲ್ಲ. ಅದೇ ತತ್ವ. ಗುಂಡು ದೂಡುವುದಿಲ್ಲ, ಕೊರೆಯುತ್ತದೆ.

ಕಡಲೂರಿನಲ್ಲಿ ತೀರಿಕೊಂಡ ವಿಜ್ಞಾನಿ

ಇದನ್ನು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ತೋಪುಶಾಸ್ತ್ರದ ಪುಸ್ತಕದಲ್ಲಿ ಒಂದು ಸರಳ ಉಪಕರಣದ ವಿವರಣೆ ಇದೆ. ಮರದ ದಿಮ್ಮಿಯೊಂದನ್ನು ಗಡಿಯಾರದ ಲೋಲಕದಂತೆ ತೂಗುಹಾಕುವುದು. ಅದಕ್ಕೆ ಗುಂಡು ಹೊಡೆಯುವುದು. ದಿಮ್ಮಿ ಎಷ್ಟು ತೂಗಿತೆಂದು ನೋಡಿ ಗುಂಡಿನ ವೇಗ ಲೆಕ್ಕ ಹಾಕುವುದು. ಸೆಕೆಂಡಿನ ಸಾವಿರದ ಒಂದು ಭಾಗ ಅಳೆಯುವ ಗಡಿಯಾರವೇ ಇಲ್ಲದ ಕಾಲದಲ್ಲಿ ಒಂದು ಮರದ ತುಂಡು, ಒಂದು ಅಳತೆಪಟ್ಟಿಯಿಂದ ಇಷ್ಟನ್ನು ಸಾಧಿಸಿದ್ದು ಕಡಿಮೆಯೇನಲ್ಲ. ಮಹಾಗಣಿತಜ್ಞ ಆಯ್ಲರ್ ಈ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ತೀರಿಕೊಂಡ.

ಅವನ ಪ್ರಯೋಗವನ್ನು ಕಾಗದದ ಮೇಲೆ ಮಾಡಿ ನೋಡೋಣ. 4 ಕಿಲೋ ತೂಕದ ದಿಮ್ಮಿಗೆ ನಮ್ಮ 9 ಮಿ.ಮೀ. ಗುಂಡು ಹೊಕ್ಕಿತು ಅನ್ನಿ. ಸಂವೇಗ ಉಳಿಯಬೇಕಾದ್ದರಿಂದ ದಿಮ್ಮಿಗೆ ಬರುವ ವೇಗ ಸೆಕೆಂಡಿಗೆ 0.7 ಮೀಟರ್. ಅದು ಮೇಲೇರುವ ಎತ್ತರ ಎರಡೂವರೆ ಸೆಂಟಿಮೀಟರ್. ದಿಮ್ಮಿಗೆ ದೊರೆತ ಚಲನಶಕ್ತಿ ಸುಮಾರು 1 ಜೌಲ್. ಬಂದದ್ದು 490, ಉಳಿದ 489 ಜೌಲ್ ಎಲ್ಲಿ ಹೋಯಿತು? ಮರವನ್ನು ಸೀಳಲು, ಸೀಸವನ್ನು ಚಪ್ಪಟೆ ಮಾಡಲು, ಕೊನೆಗೆ ಶಾಖವಾಗಿ ಹೋಯಿತು. ಸಂವೇಗ ಉಳಿಯುತ್ತದೆ, ಚಲನಶಕ್ತಿ ಉಳಿಯಬೇಕೆಂದಿಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಯಾಮಿಯ ಒಂದು ಬೆಳಗು

ಪಿಸ್ತೂಲಿನ ಗುಂಡಿನ ಆಯ್ಕೆ ಅಮೆರಿಕದಲ್ಲಿ ಅಂಗಡಿಯ ಹರಟೆಯಿಂದ ಪ್ರಯೋಗಾಲಯಕ್ಕೆ ಬಂದದ್ದು ಒಂದು ದುರಂತದಿಂದ. 1986ರ ಏಪ್ರಿಲ್ 11ರಂದು ಫ್ಲಾರಿಡಾದ ಮಯಾಮಿ ಪ್ರದೇಶದಲ್ಲಿ ಎಫ್‌ಬಿಐನ ಎಂಟು ಮಂದಿ ಅಧಿಕಾರಿಗಳು ಇಬ್ಬರು ಬ್ಯಾಂಕ್ ದರೋಡೆಕೋರರ ಕಾರನ್ನು ಅಡ್ಡಗಟ್ಟಿದರು. ಐದು ನಿಮಿಷಕ್ಕೂ ಕಡಿಮೆ ಕಾಲ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ದರೋಡೆಕೋರರಿಬ್ಬರೂ ಸತ್ತರು.

ಮರಣೋತ್ತರ ಪರೀಕ್ಷೆಯಲ್ಲಿ ಒಂದು ವಿಷಯ ಎದ್ದು ಕಂಡಿತು. ರೈಫಲ್ ಹಿಡಿದಿದ್ದ ದರೋಡೆಕೋರನಿಗೆ ಕಾಳಗದ ಆರಂಭದಲ್ಲೇ 9 ಮಿ.ಮೀ.ನ ಒಂದು ಗುಂಡು ತಗಲಿತ್ತು. ಅದು ಬಲ ತೋಳನ್ನು ದಾಟಿ, ಪಕ್ಕೆಯಿಂದ ಎದೆಯೊಳಗೆ ಹೊಕ್ಕು, ಶ್ವಾಸಕೋಶವನ್ನು ಕುಸಿಯುವಂತೆ ಮಾಡಿ, ಹೃದಯವನ್ನು ಮುಟ್ಟುವ ಮುನ್ನವೇ ನಿಂತುಬಿಟ್ಟಿತ್ತು. ಪ್ರಾಣಾಂತಿಕ ಗಾಯವೇ ಹೌದು. ಆದರೂ ಅವನು ಕೂಡಲೇ ಬೀಳಲಿಲ್ಲ. ಆ ಗಾಯದೊಂದಿಗೇ ಕಾದಾಡಿ ಅಧಿಕಾರಿಗಳನ್ನು ಕೊಂದ.

ಇಲ್ಲಿ ಜೀವಶಾಸ್ತ್ರದ ಒಂದು ಮಾತು. ಮೆದುಳಿಗೆ ಬೇಕಾದದ್ದು ಆಮ್ಲಜನಕ. ಅದನ್ನು ಒಯ್ಯುವುದು ರಕ್ತ. ಹೃದಯವೇ ನಿಂತರೂ ಮೆದುಳಿನಲ್ಲಿ ಆಗಲೇ ಇರುವ ಆಮ್ಲಜನಕ ಹತ್ತು ಹದಿನೈದು ಸೆಕೆಂಡು ಕೈಕಾಲು ಆಡಿಸಲು ಸಾಕು ಎಂದು ಎಫ್‌ಬಿಐ 1989ರ ತನ್ನ ವರದಿಯಲ್ಲಿ ಬರೆಯಿತು. ಹತ್ತು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಎಷ್ಟು ಸಲ ಕುದುರೆ ಎಳೆಯಬಲ್ಲ ಎಂದು ಯೋಚಿಸಿ. 'ಒಂದೇ ಏಟಿಗೆ ನೆಲಕ್ಕುರುಳಿಸುವ ಗುಂಡು' ಎಂಬ ಜಾಹೀರಾತಿನ ಮಾತಿಗೆ ಭೌತಶಾಸ್ತ್ರದ ಆಧಾರವೂ ಇಲ್ಲ, ಜೀವಶಾಸ್ತ್ರದ ಆಧಾರವೂ ಇಲ್ಲ.

ಜೆಲಟಿನ್ ಹೇಳಿದ ಸತ್ಯ

ಗುಂಡನ್ನು ಪರೀಕ್ಷಿಸುವುದು ಹೇಗೆ? ಅಮೆರಿಕದ ಸೇನಾ ಶಸ್ತ್ರವೈದ್ಯ ಡಾ. ಮಾರ್ಟಿನ್ ಫ್ಯಾಕ್ಲರ್ ಸ್ಯಾನ್ ಫ್ರಾನ್ಸಿಸ್ಕೋದ ಸೇನಾ ಸಂಶೋಧನಾಲಯದಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ನೂರು ಭಾಗ ದ್ರಾವಣದಲ್ಲಿ ಹತ್ತು ಭಾಗ ಜೆಲಟಿನ್ ಬೆರೆಸಿ ಅಚ್ಚು ಹಾಕಿ, 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಅದು ಗುಂಡನ್ನು ತಡೆಯುವ ರೀತಿ ಸ್ನಾಯುವಿನ ರೀತಿಗೆ ಹತ್ತಿರವಾಗಿರುತ್ತದೆ. ಪ್ರತಿ ಅಚ್ಚಿಗೂ ಮೊದಲು ಗೊತ್ತಾದ ವೇಗದ ಚಿಕ್ಕ ಉಕ್ಕಿನ ಗೋಲಿ ಹೊಡೆದು, ಅದು ಸುಮಾರು ಎಂಟೂವರೆ ಸೆಂಟಿಮೀಟರ್ ಇಳಿಯಿತೇ ಎಂದು ನೋಡಿ, ಆಮೇಲೆ ಅಸಲು ಪರೀಕ್ಷೆ. ತಕ್ಕಡಿ ಬಳಸುವ ಮುನ್ನ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದಿಲ್ಲವೆ, ಹಾಗೆ.

ಮಯಾಮಿಯ ನಂತರ ಎಫ್‌ಬಿಐ ಈ ವಿಧಾನವನ್ನೇ ಆಧರಿಸಿ ತನ್ನ ಪರೀಕ್ಷೆಯನ್ನು ರೂಪಿಸಿತು. ಬರಿಯ ಜೆಲಟಿನ್‌ಗೆ ಹೊಡೆದರೆ ಸಾಲದು. ದಪ್ಪ ಬಟ್ಟೆ, ಕಾರಿನ ತಗಡು, ಜಿಪ್ಸಂ ಹಲಗೆಯ ಗೋಡೆ, ಪ್ಲೈವುಡ್, ಕಾರಿನ ಮುಂಗಾಜು, ಇವನ್ನು ಅಡ್ಡ ಇಟ್ಟು ಹೊಡೆದಾಗಲೂ ಗುಂಡು ಕನಿಷ್ಠ 12 ಇಂಚು, ಅಂದರೆ 30 ಸೆಂಟಿಮೀಟರ್ ಇಳಿಯಬೇಕು. 18 ಇಂಚು, ಅಂದರೆ 46 ಸೆಂಟಿಮೀಟರ್ ದಾಟಬಾರದು. ಮನುಷ್ಯನ ಎದೆ ಅಷ್ಟು ದಪ್ಪವಿಲ್ಲವಲ್ಲ ಎನ್ನುತ್ತೀರಾ? ಮಯಾಮಿಯಲ್ಲಿ ನಡೆದದ್ದನ್ನು ನೆನೆಯಿರಿ. ತೋಳು ಅಡ್ಡ ಬಂದಿತ್ತು, ಗುಂಡು ಪಕ್ಕೆಯಿಂದ ಹೊಕ್ಕಿತ್ತು. ಕೆಳಗಿನ ಮಿತಿ ಆ ಕಾರಣಕ್ಕೆ. ಮೇಲಿನ ಮಿತಿ ಬೇರೊಬ್ಬರಿಗಾಗಿ, ಹಿಂದೆ ನಿಂತಿರಬಹುದಾದ ದಾರಿಹೋಕನಿಗಾಗಿ. ಗುಂಡಿನ ಗುಣವನ್ನು ನಿರ್ಧರಿಸುವುದು ಅದರ ಸದ್ದಲ್ಲ, ವೇಗವಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂಬುದು.

ಟೊಳ್ಳು ಮೂತಿಯ ಗುಟ್ಟು

ಸಾಮಾನ್ಯ ಗುಂಡು ಸೀಸದ್ದು. ಅದರ ಮೇಲೆ ಪೂರ್ತಿ ತಾಮ್ರದ ಕವಚ. ಅದು ಆಕಾರ ಕೆಡದೆ ನೇರವಾಗಿ ಕೊರೆದುಕೊಂಡು ಹೋಗಿ, ಎಷ್ಟೋ ಸಲ ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಟೊಳ್ಳು ಮೂತಿಯ ಗುಂಡಿನ ತುದಿಯಲ್ಲಿ ಒಂದು ಗುಳಿ ಇರುತ್ತದೆ. ಒದ್ದೆಯಾದ ಅಂಗಾಂಶದೊಳಗೆ ಹೊಕ್ಕಾಗ ಆ ಗುಳಿಯಲ್ಲಿ ದ್ರವದ ಒತ್ತಡ ಏರಿ, ತುದಿ ಹೂವಿನ ಎಸಳಿನಂತೆ ಹೊರಕ್ಕೆ ಬಿರಿಯುತ್ತದೆ. 9 ಮಿ.ಮೀ. ಇದ್ದದ್ದು 14-15 ಮಿ.ಮೀ. ಆಗುತ್ತದೆ. ಮುಂಭಾಗದ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ಎಳೆತವೂ ಹೆಚ್ಚಿ ಗುಂಡು ಬೇಗ ನಿಲ್ಲುತ್ತದೆ. ಧುಮುಕುವವನು ಗಾಳಿಕೊಡೆ ಬಿಡಿಸಿದ ಹಾಗೆ.

ಆದರೆ ಎಲ್ಲ ಗುಂಡೂ ಹೇಳಿದ ಮಾತು ಕೇಳುವುದಿಲ್ಲ. ಗುಳಿಯಲ್ಲಿ ಉಣ್ಣೆಯ ಬಟ್ಟೆಯೋ ಜಿಪ್ಸಂ ಪುಡಿಯೋ ತುಂಬಿಕೊಂಡರೆ ಅದು ಬಿರಿಯದೆ ಸಾಮಾನ್ಯ ಗುಂಡಿನಂತೆಯೇ ಸಾಗುತ್ತದೆ. ತೀರಾ ಬೇಗ ಬಿರಿದರೆ ಆಳ ಸಾಲದು. ಪರೀಕ್ಷೆಯಲ್ಲಿ ಬಟ್ಟೆ, ಹಲಗೆ ಅಡ್ಡ ಇಡುವುದು ಇದಕ್ಕೇ.

ಹೀಗೆ ಬಿರಿಯುವ ಗುಂಡಿನ ಚರಿತ್ರೆಯಲ್ಲಿ ನಮ್ಮ ದೇಶದ ಒಂದು ಊರಿನ ಹೆಸರು ಅಂಟಿಕೊಂಡಿದೆ. ಕಲ್ಕತ್ತೆಯ ಬಳಿಯ ಡಮ್‌ಡಮ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ಬ್ರಿಟಿಷರು 1890ರ ದಶಕದಲ್ಲಿ ವಾಯವ್ಯ ಗಡಿಯ ಯುದ್ಧಗಳಿಗಾಗಿ ತುದಿಯ ಕವಚ ತೆರೆದ ರೈಫಲ್ ಗುಂಡನ್ನು ತಯಾರಿಸಿದರು. ಜಗತ್ತು ಅದನ್ನು 'ಡಮ್‌ಡಮ್ ಗುಂಡು' ಎಂದೇ ಕರೆಯಿತು. ದೇಹದೊಳಗೆ ಸುಲಭವಾಗಿ ಹಿಗ್ಗುವ ಇಲ್ಲವೇ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಸಾರಿತು. ಯುದ್ಧದಲ್ಲಿ ಕ್ರೂರವೆನಿಸಿದ್ದೇ ಪೋಲೀಸರ ಪಿಸ್ತೂಲಿನಲ್ಲಿ ದಾರಿಹೋಕರ ರಕ್ಷಣೆಯ ಉಪಾಯವಾದದ್ದು ವಿಚಿತ್ರವಲ್ಲವೆ? ನ್ಯೂಯಾರ್ಕ್ ನಗರದ ಪೋಲೀಸರು 1990ರ ದಶಕದ ಕೊನೆಯಲ್ಲಿ ಟೊಳ್ಳು ಮೂತಿಗೆ ಬದಲಾಯಿಸಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಆದರೆ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ ಜನಸಾಮಾನ್ಯರು ಅದೇ ಗುಂಡನ್ನು ಇಟ್ಟುಕೊಳ್ಳುವುದಕ್ಕೆ ಕಾನೂನಿನ ಕಟ್ಟುಪಾಡುಗಳಿವೆ.

ದೊಡ್ಡದರಿಂದ ಮತ್ತೆ ಚಿಕ್ಕದಕ್ಕೆ

ಮಯಾಮಿಯ ಬಳಿಕ ಎಫ್‌ಬಿಐ ಮೊದಲು ಹಿಡಿದ ದಾರಿ 'ದೊಡ್ಡ ಗುಂಡು'. 10 ಮಿ.ಮೀ. ಗುಂಡನ್ನು ಆರಿಸಿತು. ಅದರ ಒದೆತ ಬಹಳ ಮಂದಿಗೆ ಹಿಡಿತಕ್ಕೆ ಸಿಗಲಿಲ್ಲ. ಮದ್ದು ಕಡಿಮೆ ಮಾಡಿದರು. ಕಡಿಮೆ ಮದ್ದಿಗೆ ಅಷ್ಟುದ್ದದ ತೋಟಾ ಏಕೆಂದು ಅದನ್ನು ಗಿಡ್ಡ ಮಾಡಿದಾಗ 1990ರಲ್ಲಿ ಪಾಯಿಂಟ್ 40 ಎಂಬ ಹೊಸ ತೋಟಾ ಮಾರುಕಟ್ಟೆಗೆ ಬಂತು. ಅಮೆರಿಕದ ಪೋಲೀಸ್ ಠಾಣೆಗಳಲ್ಲೆಲ್ಲ ಹರಡಿತು. ಎಫ್‌ಬಿಐ ಕೂಡ ಅದನ್ನು ಅಳವಡಿಸಿಕೊಂಡಿತು. ಕೊನೆಗೆ 2014ರಲ್ಲಿ ಅದರ ತರಬೇತಿ ವಿಭಾಗ ಎಲ್ಲ ಪರೀಕ್ಷೆಗಳನ್ನು ತುಲನೆ ಮಾಡಿ ಹೇಳಿದ್ದೇನು? 9 ಮಿ.ಮೀ.ಗೇ ಮರಳೋಣ!

ಕಾರಣ ಲೆಕ್ಕದಲ್ಲೇ ಇದೆ. ಪಾಯಿಂಟ್ 45 ಎಂಬ ಹಳೆಯ ದೊಡ್ಡ ಗುಂಡು ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ 255 ಮೀಟರ್. ಚಲನಶಕ್ತಿ ಸುಮಾರು 490 ಜೌಲ್, ಅಂದರೆ 9 ಮಿ.ಮೀ.ನದಷ್ಟೇ. ಸಂವೇಗ ಮಾತ್ರ 3.8, ಒದೆತ ಹೆಚ್ಚು. ಹೊಸ ವಿನ್ಯಾಸದ ಗುಂಡುಗಳಲ್ಲಿ ಮೂರು ಅಳತೆಯವೂ ಜೆಲಟಿನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಆಳಕ್ಕೆ ಇಳಿಯುತ್ತವೆ. ಒದೆತ ಕಡಿಮೆಯಾದರೆ ಗುರಿ ಸುಧಾರಿಸುತ್ತದೆ. ಗುರಿಯ ಮಾತು ಬಂದಾಗ ಆ ವರದಿಯ ಇನ್ನೊಂದು ಅಂಕಿ ಮನಸ್ಸಿನಲ್ಲಿ ಕೂರಬೇಕು: ನಿಜವಾದ ಕಾಳಗದಲ್ಲಿ ತರಬೇತಿ ಪಡೆದ ಪೋಲೀಸರು ಹಾರಿಸುವ ಗುಂಡುಗಳಲ್ಲಿ ನೂರಕ್ಕೆ 70ರಿಂದ 80 ಗುರಿ ತಪ್ಪುತ್ತವೆ.

ಪೋಷಕರೆ, ಇಲ್ಲಿ ಸ್ವಲ್ಪ ನಿಲ್ಲೋಣ. ತರಬೇತಿ ಪಡೆದವರ ಹತ್ತರಲ್ಲಿ ಏಳೆಂಟು ತಪ್ಪುವುದಾದರೆ, ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದ ಗೃಹಸ್ಥನದು? ಅಮೆರಿಕದ ಬಹುಪಾಲು ಮನೆಗಳ ಒಳಗೋಡೆ ನಮ್ಮಂತೆ ಇಟ್ಟಿಗೆಯದಲ್ಲ. ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಂ ಹಲಗೆ ಹೊಡೆದಿರುತ್ತಾರೆ. ಯಾವ ಪಿಸ್ತೂಲಿನ ಗುಂಡಿಗೂ ಅದು ಗೋಡೆಯೇ ಅಲ್ಲ. ಮೇಲಾಗಿ ಜಿಪ್ಸಂ ಪುಡಿ ಗುಳಿಯನ್ನು ಮುಚ್ಚಿದರೆ ಬಿರಿಯುವ ಗುಂಡೂ ಬಿರಿಯದೆ ಮುಂದೆ ಹೋಗುತ್ತದೆ. ಗೋಡೆಯ ಆಚೆ ಯಾರು ಮಲಗಿದ್ದಾರೆ ಎಂಬುದನ್ನು ಯಾವ ಕಂಪನಿಯ ತೋಟಾ ಡಬ್ಬಿಯೂ ಕೇಳುವುದಿಲ್ಲ.

ಆಯ್ಕೆಗೆ ಮೊದಲಿನ ಪ್ರಶ್ನೆ

ಆತ್ಮರಕ್ಷಣೆಯ ಹಕ್ಕನ್ನು ನಮ್ಮ ಕಾನೂನೂ ಒಪ್ಪುತ್ತದೆ. ಕತ್ತಲಲ್ಲಿ ಒಂಟಿಯಾಗಿ ಕೆಲಸದಿಂದ ಮರಳುವ ಹೆಣ್ಣುಮಗಳ ಅಂಜಿಕೆಯನ್ನು ನಗಣ್ಯ ಮಾಡಲು ಯಾರಿಗೂ ಅಧಿಕಾರವಿಲ್ಲ. ಆದರೆ ಮನೆಯಲ್ಲಿ ಪಿಸ್ತೂಲು ಇದ್ದರೆ ಅಪಾಯ ಕಡಿಮೆಯಾಗುತ್ತದೆಯೋ ಹೆಚ್ಚುತ್ತದೆಯೋ ಎಂಬುದೂ ಅಳೆಯಬಹುದಾದ ವಿಷಯವೇ. 1993ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಬಂದೂಕು ಇರುವ ಮನೆಗಳಲ್ಲಿ ಕೊಲೆಯ ಸಂಭವ ಸುಮಾರು 2.7 ಪಟ್ಟು ಎಂದು ಬರೆದರು. ಅದರ ಮೇಲೆ ಬಹಳ ವಾಗ್ವಾದ ನಡೆಯಿತು. ಅಪಾಯವಿರುವವರೇ ಬಂದೂಕು ಕೊಳ್ಳುತ್ತಾರಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇನ್ನೊಂದು ಅಂಕಿಯ ಬಗ್ಗೆ ಅಷ್ಟು ವಾದವಿಲ್ಲ. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಆತ್ಮಹತ್ಯೆ. ಕಳ್ಳನಿಗೆಂದು ತಂದ ಗುಂಡು ತಮ್ಮವರನ್ನೇ ಬಲಿ ತೆಗೆದುಕೊಂಡದ್ದು ಎಷ್ಟು ಮನೆಗಳಲ್ಲೋ. 2020ರಿಂದ ಅಲ್ಲಿನ 1ರಿಂದ 19 ವಯಸ್ಸಿನ ಮಕ್ಕಳ ಸಾವಿಗೆ ಮೊದಲನೆಯ ಕಾರಣ ರಸ್ತೆ ಅಪಘಾತವಲ್ಲ, ಬಂದೂಕು. ಪರೀಕ್ಷೆಯ ಅಂಕ ಕಡಿಮೆ ಬಂದು, ಗೆಳೆಯರ ಮಾತು ನೊಂದು, ಹದಿಹರೆಯದ ಮನಸ್ಸು ಅರ್ಧ ಗಂಟೆ ಕತ್ತಲಾಗುವುದುಂಟು. ಆ ಅರ್ಧ ಗಂಟೆ ಕಳೆದರೆ ಮತ್ತೆ ಬೆಳಕು ಬರುತ್ತದೆ. ಕೈಗೆಟುಕುವಲ್ಲಿ ಪಿಸ್ತೂಲಿದ್ದರೆ ಆ ಅರ್ಧ ಗಂಟೆ ಕಳೆಯುವ ಅವಕಾಶವೇ ಸಿಗುವುದಿಲ್ಲ.

ಆದ್ದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ: ಮಕ್ಕಳಿರುವ ಮನೆಯಲ್ಲಿ ಬಂದೂಕು ಇಲ್ಲದಿರುವುದೇ ಎಲ್ಲಕ್ಕಿಂತ ಸುರಕ್ಷಿತ. ಇದ್ದರೆ ಗುಂಡು ತೆಗೆದು ಬೀಗ ಹಾಕಿ ಇಡಬೇಕು. ಗುಂಡುಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿ ಇಡಬೇಕು. ಮಗು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೆ, ಬೀಗದಲ್ಲಿದೆಯೆ ಎಂದು ಕೇಳಬೇಕು. ಇದನ್ನು ಕೇಳಲು ನಮ್ಮವರಿಗೆ ಸಂಕೋಚ. 'ಊಟದಲ್ಲಿ ಮೊಟ್ಟೆ ಇದೆಯೆ' ಎಂದು ಕೇಳಲು ಸಂಕೋಚಪಡದವರು ಇದನ್ನೂ ಕೇಳಬಹುದು. ಮಗ, ಸೊಸೆ, ಮಗಳು, ಅಳಿಯ ಆ ದೇಶದಲ್ಲಿದ್ದರೆ ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಇದನ್ನು ಹೇಳಿ.

ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಗೆ 21 ವರ್ಷ ತುಂಬಿರಬೇಕು. 9 ಮಿ.ಮೀ. ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. 2019ರ ತಿದ್ದುಪಡಿ ಇನ್ನೊಂದು ಒಳ್ಳೆಯ ಕೆಲಸ ಮಾಡಿತು: ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೇಲಕ್ಕೆ ಹೋದ ಗುಂಡು ಎಲ್ಲಾದರೂ ಇಳಿಯಲೇಬೇಕಲ್ಲ. ಗುರುತ್ವಾಕರ್ಷಣೆಗೆ ಮದುವೆಮನೆಯ ಸಂಭ್ರಮ ತಿಳಿಯದು.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಗುಂಡು ತುಂಬಿದ ಪಿಸ್ತೂಲಿನ ತೂಕ 0.8 ಕಿಲೋ. ಮೇಲೆ ಹೇಳಿದ 9 ಮಿ.ಮೀ. ಗುಂಡು ಹೊರಟಾಗ ಪಿಸ್ತೂಲು ಯಾವ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ? ಪಾಯಿಂಟ್ 45 ಗುಂಡಾದರೆ? ಹೊರಬೀಳುವ ಹೊಗೆಯ ಪಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉತ್ತರ ಬಂದ ಮೇಲೆ ಹಾರಿ ಬೀಳುವ ಖಳನಾಯಕನ ದೃಶ್ಯವನ್ನು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ. ಮನೆಯವರಿಗೂ ತೋರಿಸಿ.